ಹಿಮ್ಮಡಿ ತಾಗಿದರೆ ನಡೆಯುವ ಕುದುರೆ

ಮೆಟ್ರೊ ಇನ್ನೂ ಗುರ್ಗಾಂವಿಗೆ ಬಂದಿರದ ಕಾಲ. ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ನೋಡುವ ಇಂಜಿನಿಯರ್. ಬ್ರೇಕಿಗೆ ಹೋಗುವ ಅಂಗೈಯಗಲದ ಕಬ್ಬಿಣದ ತುಂಡುಗಳನ್ನು ಅಳೆದು, ಬೆಳಕಿಗೆ ಹಿಡಿದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಹಸಿರು ಚೀಟಿಯ ಮೇಲೆ ನನ್ನ ಸಹಿ ಇರುತ್ತಿತ್ತು. ಆ ಸಹಿಯ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು. ದೋಷವಿದ್ದ ಒಂದು ತುಂಡೂ ನನ್ನ ಕೈದಾಟಿ ಹೋಗಿಲ್ಲ ಎಂದು ಕ್ಯಾಂಟೀನಿನಲ್ಲಿ ಯಾರು ಕೇಳಲಿ ಬಿಡಲಿ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ರಜೆಯ ದಿನ ನಾನು ಹೋಗುತ್ತಿದ್ದದ್ದು ಮಾನೇಸರ್ ರಸ್ತೆಯಿಂದ ಒಳಗೆ, ಸಾಸಿವೆ ಹೊಲಗಳ ನಡುವೆ ಇದ್ದ ಒಂದು ಸವಾರಿ ಶಾಲೆಗೆ. ಶಾಲೆಯೆಂದರೆ ತಗಡಿನ ಲಾಯ, ಆರೇಳು ಕುದುರೆ, ಬಿದಿರಿನ ಬೇಲಿ ಹಾಕಿದ ಮರಳಿನ ಅಂಗಳ, ಒಂದು ಹ್ಯಾಂಡ್‌ಪಂಪು, ಅಷ್ಟೆ. ಗುರ್ಗಾಂವಿನ ಹೊಸ ಅಪಾರ್ಟ್‌ಮೆಂಟುಗಳ ಮಕ್ಕಳು ಅಲ್ಲಿಗೆ ಕಲಿಯಲು ಬರುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಸೈನ್ಯದಲ್ಲಿ ಸವಾರಿ ಕಲಿಸಿ ನಿವೃತ್ತರಾಗಿದ್ದ ರಾಜಸ್ಥಾನದ ಮುದುಕರು. ಎಲ್ಲರೂ ಅವರನ್ನು ಉಸ್ತಾದ್‌ಜಿ ಎನ್ನುತ್ತಿದ್ದರು. ಹಿಂದೆ ಕೆಲವು ವರ್ಷ ಬೆಂಗಳೂರಿನಲ್ಲಿದ್ದವರಂತೆ. ನಾನು ಕನ್ನಡದವನೆಂದು ತಿಳಿದ ದಿನ ಬೆಳಗಿನ ಏಳು ಗಂಟೆಗೇ "ಊಟ ಆಯ್ತಾ?" ಎಂದು ಕೇಳಿದ್ದರು. ಬೈಯುವುದಿದ್ದರೆ ಹಿಂದಿ, ಸಮಾಧಾನ ಹೇಳುವುದಿದ್ದರೆ ತಮ್ಮ ಹರಕು ಕನ್ನಡ. ಕಾಲೇಜಿನಲ್ಲಿದ್ದಾಗ ಕೆಡೆಟ್ಟುಗಳ ಕುದುರೆ ವಿಭಾಗದಲ್ಲಿ ಮೂರು ವರ್ಷ ಸವಾರಿ ಮಾಡಿದ್ದ ನನ್ನನ್ನು ಅವರು ಸಹಾಯಕ್ಕೆ ಇಟ್ಟುಕೊಂಡಿದ್ದರು. ನನಗೂ ದಿಲ್ಲಿಯಲ್ಲಿ ಬೇರೆ ಗೆಳೆತನ ಹೆಚ್ಚಿರಲಿಲ್ಲ.

ಆ ಚಳಿಗಾಲದ ಮೊದಲಲ್ಲಿ ಲಾಯಕ್ಕೆ ಒಂದು ನಾಲ್ಕು ವರ್ಷದ ಹೆಣ್ಣುಕುದುರೆ ಬಂತು. ಹುಟ್ಟುಬಿಳಿ, ಗುಲಾಬಿ ಮೂತಿ, ಸ್ವಲ್ಪ ಗಿಡ್ಡ. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬ ಘೋಡಿವಾಲಾನಿಂದ ಬಂದದ್ದು. ಅಲ್ಲಿಯ ಮದುವೆಗಳಲ್ಲಿ ವರ ಏರುವುದು ಹೆಣ್ಣುಕುದುರೆಯನ್ನೇ, ಅದೂ ಬಿಳಿಯದಾದರೆ ಶ್ರೇಷ್ಠ. ಈ ಮರಿ ಇನ್ನೂ ಎಳೆಯದು, ಒಂದೇ ಮದುವೆ ಹಂಗಾಮು ನೋಡಿದೆ, ತನಗೆ ಈಗಲೇ ಪಳಗಿದ್ದು ಬೇಕು ಎಂದು ಅವನು ಉಸ್ತಾದ್‌ಜಿಯ ಹತ್ತಿರವಿದ್ದ ಮೇವಿನ ಗಾಡಿಗಷ್ಟೇ ಹೂಡುತ್ತಿದ್ದ ಒಂದು ವಯಸ್ಸಾದ ಸಾಧು ಬಿಳಿ ಹೆಣ್ಣುಕುದುರೆಗೆ ಅದಲುಬದಲು ಮಾಡಿಕೊಂಡಿದ್ದ. ಬ್ಯಾಂಡಿನ ಗದ್ದಲಕ್ಕೂ ಪಟಾಕಿಗೂ ಹೆದರದ ಕುದುರೆ ಮಕ್ಕಳಿಗೆ ಒಳ್ಳೆಯದೆಂದು ನಾವೆಲ್ಲ ಖುಷಿಪಟ್ಟೆವು.

ಹೆದರಿಕೆ ಅದಕ್ಕೆ ನಿಜಕ್ಕೂ ಇರಲಿಲ್ಲ. ಹಗ್ಗ ಹಿಡಿದು ನಡೆದರೆ ನಾಯಿಮರಿಯ ಹಾಗೆ ಹಿಂದೆಯೇ ಬರುತ್ತಿತ್ತು. ಜೀನು ಹಾಕಿದರೂ ತಕರಾರಿಲ್ಲ. ಮೇಲೆ ಹತ್ತಿ ಕೂತು, ಕಾಲು ಒತ್ತಿ, ಮುಂದೆ ಹೋಗು ಎಂದರೆ ಮಾತ್ರ ನಾಲ್ಕೂ ಗೊರಸು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು. ಕಿವಿ ಹಿಂದಕ್ಕೆ, ಕತ್ತು ಬಿಗಿ, ಉಸಿರು ಹಿಡಿದು ನಿಂತರೆ ಅರ್ಧ ಗಂಟೆಯಾದರೂ ನಿಂತೇ ಇರುತ್ತಿತ್ತು. ಹಿಮ್ಮಡಿಯಿಂದ ಜೋರಾಗಿ ಒದ್ದರೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತಿತ್ತು.

ಉಸ್ತಾದ್‌ಜಿ ಒಂದು ಮಾತು ಮೊದಲೇ ಹೇಳಿದರು. ಕೆಲಸ ಮಾಡದ ಬಾಯಿಗೆ ಮೇವು ಹಾಕುವ ಶಕ್ತಿ ಆ ಲಾಯಕ್ಕಿಲ್ಲ. ಹೋಳಿಯ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ನಡೆಯದಿದ್ದರೆ ಇಟ್ಟಿಗೆ ಭಟ್ಟಿಯ ಗುತ್ತಿಗೆದಾರನಿಗೆ ಕೊಡಬೇಕಾಗುತ್ತದೆ. ಭಟ್ಟಿಯ ಕುದುರೆಗಳನ್ನು ನಾನು ಕಾರ್ಖಾನೆಗೆ ಹೋಗುವ ದಾರಿಯಲ್ಲಿ ದಿನಾ ನೋಡುತ್ತಿದ್ದೆ. ಬೆನ್ನಿನ ಮೇಲೆ ಹುಣ್ಣು, ಹುಣ್ಣಿನ ಮೇಲೆ ಹಸಿ ಇಟ್ಟಿಗೆ. ಎರಡು ಬೇಸಿಗೆಗಿಂತ ಹೆಚ್ಚು ಬದುಕುತ್ತಿರಲಿಲ್ಲ.

"ನನಗೆ ಬಿಡಿ, ನಾನು ಸರಿಮಾಡ್ತೀನಿ" ಎಂದೆ. ಕೇಳಿದವರಿಲ್ಲ, ನಾನಾಗಿಯೇ ಹೊತ್ತುಕೊಂಡದ್ದು.

ಕಾರ್ಖಾನೆಯ ಬುದ್ಧಿಯನ್ನೇ ಓಡಿಸಿದೆ. ದೋಷವಿದ್ದರೆ ಅದಕ್ಕೆ ಮೂಲ ಕಾರಣವಿರಬೇಕು. ಹಲ್ಲು ನೋಡಿದೆ, ನಾಲಿಗೆ ನೋಡಿದೆ, ಬೆನ್ನುಹುರಿಯ ಉದ್ದಕ್ಕೂ ಬೆರಳೊತ್ತಿ ನೋವಿದೆಯೇ ಎಂದು ಪರೀಕ್ಷಿಸಿದೆ. ಮೂರು ಜೀನು ಬದಲಾಯಿಸಿದೆ. ಡಾಕ್ಟರನ್ನು ಕರೆಸಿ ಗೊರಸು ತೋರಿಸಿದೆ. ಎಲ್ಲ ಸರಿಯಿತ್ತು. ಲಾಯದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೀನಿನ ಮುಳ್ಳಿನಂಥ ಕಾರಣಗಳ ಚಿತ್ರ ಬರೆದು, ಒಂದೊಂದೇ ಮುಳ್ಳನ್ನು ಹೊಡೆದುಹಾಕುತ್ತ ಹೋದೆ. ಕೊನೆಗೆ ಉಳಿದದ್ದು ಒಂದೇ, ಹಟ. ಹಟಕ್ಕೆ ಮದ್ದು ಛಡಿ ಎಂದು ತೀರ್ಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜನವರಿಯ ಒಂದು ಬೆಳಿಗ್ಗೆ, ಬೇಲಿಯೂ ಕಾಣದಷ್ಟು ಮಂಜು. ನಾನು ಮೇಲೆ ಕೂತು ಒದ್ದೆ. ನಿಂತಿತು. ಛಡಿಯಿಂದ ಒಂದು ಬಿಟ್ಟೆ. ನಿಂತಿತು. ಆಮೇಲೆ ಎಷ್ಟು ಬಿಟ್ಟೆನೋ ನನಗೆ ಲೆಕ್ಕವಿಲ್ಲ, ಆ ವಾರ ಕಾರ್ಖಾನೆಯಲ್ಲಿ ನುಂಗಿದ ಬೈಗುಳವೆಲ್ಲ ಕೈಗೆ ಬಂದಿತ್ತು. ಕುದುರೆ ಓಡಲಿಲ್ಲ, ಎಗರಲಿಲ್ಲ. ನಿಂತಲ್ಲೇ ನಡುಗುತ್ತ ಉಚ್ಚೆ ಹೊಯ್ದುಕೊಂಡಿತು. ಅದರ ಬಿಸಿ ಹಬೆ ಮಂಜಿನಲ್ಲಿ ನನ್ನ ಮೊಣಕಾಲಿನವರೆಗೆ ಬಂತು.

ಉಸ್ತಾದ್‌ಜಿ ಬಂದು ಛಡಿ ಕಿತ್ತುಕೊಂಡರು. ಬೈಯುತ್ತಾರೆಂದುಕೊಂಡೆ. ಕನ್ನಡದಲ್ಲಿ ಮಾತಾಡಿದರು, ಅದು ಇನ್ನೂ ಕಷ್ಟವಾಯಿತು.

"ಇಳಿ ಬೇಟಾ. ಕುದ್ರೆ ಸುಳ್ಳು ಹೇಳಲ್ಲ. ಅದು ಏನೋ ಹೇಳ್ತಾ ಇದೆ, ನಮ್ಗೇ ಗೊತ್ತಾಗ್ತಾ ಇಲ್ಲ."

ಮುಂದಿನ ಮೂರು ವಾರ ನಾನು ಅದರ ಮೇಲೆ ಹತ್ತಲಿಲ್ಲ. ಹೋಗಿ ಬೆಲ್ಲ ಕೊಟ್ಟು, ಮೈ ಉಜ್ಜಿ, ಮುಖ ನೋಡಲಾರದೆ ಬರುತ್ತಿದ್ದೆ. ಹೊಡೆದವನ ಕೈಯಿಂದಲೇ ಬೆಲ್ಲ ತಿನ್ನುತ್ತಿತ್ತು ಅದು. ನನಗೆ ನಾಚಿಕೆಯಾಗುತ್ತಿತ್ತು.

ಫೆಬ್ರವರಿಯಲ್ಲಿ ಕಾರ್ಖಾನೆಯ ಸಹೋದ್ಯೋಗಿಯೊಬ್ಬನ ಮದುವೆ, ದಿಲ್ಲಿಯ ಪೀತಮ್‌ಪುರದಲ್ಲಿ. ನನ್ನ ರೂಮ್‌ಮೇಟ್ ಊಟದ ಆಸೆಗೆ ಜೊತೆಗೆ ಬಂದ. ಅವನು ಹೌಜ್ ಖಾಸ್ ಕಡೆಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಕನ್ನಡದ ಹುಡುಗ, ನನ್ನನ್ನು ಕುದುರೆ ಡಾಕ್ಟರ್ ಎಂದು ಆಡಿಕೊಳ್ಳುತ್ತಿದ್ದ. ಸಂಜೆ ಏಳರ ಹೊತ್ತು, ಮೆರವಣಿಗೆ ಮಾರ್ಕೆಟ್ಟಿನ ಮುಂದೆ ನಿಂತಿತ್ತು. ತಲೆಯ ಮೇಲೆ ದೀಪ ಹೊತ್ತವರು ಎರಡು ಸಾಲು, ನಡುವೆ ಬ್ಯಾಂಡು, ಬ್ಯಾಂಡಿನ ಮುಂದೆ ಕುಣಿಯುವ ಮಾವಂದಿರು. ನಮ್ಮ ಸಹೋದ್ಯೋಗಿ ಬಿಳಿ ಕುದುರೆಯ ಮೇಲೆ ಪೇಟ ಸರಿಮಾಡಿಕೊಳ್ಳುತ್ತ ಕೂತಿದ್ದ. ಜೀವಮಾನದಲ್ಲಿ ಮೊದಲ ಸಲ ಕುದುರೆ ಹತ್ತಿದವನು, ಪುಕ್ಕಲ. ಡ್ರಮ್ಮು ಬಡಿದಾಗಲೆಲ್ಲ ಅವನ ಕಾಲು ಅದುರಿ ಹಿಮ್ಮಡಿ ಕುದುರೆಯ ಹೊಟ್ಟೆಗೆ ಬಡಿಯುತ್ತಿತ್ತು. ಕುದುರೆ ಕದಲಲಿಲ್ಲ. ಒಮ್ಮೆ ಮಾತ್ರ ಅರ್ಧ ಹೆಜ್ಜೆ ಇಟ್ಟಿತು. ತಕ್ಷಣ ಅದರ ಗದ್ದದ ಕೆಳಗೆ ಹಗ್ಗ ಹಿಡಿದಿದ್ದ ಮನುಷ್ಯ ಜಗ್ಗಿ ಎಳೆದ, ಮೂಗಿನ ಮೇಲೆ ಒಂದು ಪೆಟ್ಟು ಕೊಟ್ಟ. ಕುದುರೆ ನಿಂತಿತು. ಸ್ವಲ್ಪ ಹೊತ್ತಿಗೆ ಮೆರವಣಿಗೆ ಮುಂದುವರಿಯಿತು, ಆ ಮನುಷ್ಯ ನಡೆದ, ಕುದುರೆ ಅವನ ಹಿಂದೆ ನಡೆಯಿತು. ಮೇಲೆ ಕೂತವನ ಲಗಾಮು ಬರೀ ಅಲಂಕಾರ, ಜರಿಯ ಪಟ್ಟಿ.

ನಾನು ಅಲ್ಲೇ ನಿಂತುಬಿಟ್ಟೆ.

"ಏನಾಯ್ತೋ? ಬಾ, ಊಟ ಶುರುವಾಗಿರುತ್ತೆ" ಎಂದ ರೂಮ್‌ಮೇಟ್.

"ನಮ್ಮ ಕುದುರೇದು ಹಟ ಅಲ್ಲ ಕಣೋ. ಮೇಲೆ ಕೂತವನ ಮಾತು ಕೇಳಬಾರದು ಅಂತ ಕಲಿಸಿದಾರೆ. ಒದ್ದರೆ ನಿಲ್ಲಬೇಕು ಅಂತ ಕಲಿಸಿದಾರೆ. ನಾನು ಒದ್ದೆ, ಅದು ನಿಲ್ತು. ಹೊಡೆದೆ, ಇನ್ನೂ ಗಟ್ಟಿಯಾಗಿ ನಿಲ್ತು. ಕಲಿತಿದ್ದನ್ನ ಅಷ್ಟು ಚೆನ್ನಾಗಿ ಮಾಡ್ತಾ ಇತ್ತು, ನಾನು ಹೊಡೆದೆನಲ್ಲೋ."

"ಅಳಬೇಡ ಮಾರಾಯ, ಮದುವೆಮನೆ" ಎಂದು ಅವನು ನನ್ನ ತೋಳು ಹಿಡಿದು ಎಳೆದುಕೊಂಡು ಹೋದ. ಊಟ ನನಗೆ ಸೇರಲಿಲ್ಲ. ಮದುವೆ ಕುದುರೆ ಎಂದು ನಮಗೆಲ್ಲ ಮೊದಲ ದಿನದಿಂದ ಗೊತ್ತಿತ್ತು. ಮದುವೆಯಲ್ಲಿ ಕುದುರೆ ಏನು ಕಲಿಯುತ್ತದೆ ಎಂದು ಮಾತ್ರ ಒಬ್ಬರೂ ಕೇಳಿಕೊಂಡಿರಲಿಲ್ಲ. ನನ್ನ ಗೋಡೆಯ ಮೀನಿಗೆ ಆ ಮುಳ್ಳು ಇರಲೇ ಇಲ್ಲ.

ಮರುದಿನವೇ ಹೊಸದಾಗಿ ಶುರುಮಾಡಿದೆವು. ಮಂಡಿನೋವಿನ ಉಸ್ತಾದ್‌ಜಿ ಘೋಡಿವಾಲಾನ ಹಾಗೆ ಗದ್ದದ ಕೆಳಗೆ ಹಗ್ಗ ಹಿಡಿದು ನಡೆಯುವುದು, ನಾನು ಮೇಲೆ ಮೂಟೆಯ ಹಾಗೆ ಸುಮ್ಮನೆ ಕೂರುವುದು. ಅದು ನಡೆಯಿತು. ಆಮೇಲೆ ಅವರು ಹೆಜ್ಜೆ ಎತ್ತುವ ಕ್ಷಣಕ್ಕೆ ಸರಿಯಾಗಿ ನಾನು ಹಿಮ್ಮಡಿಯನ್ನು ಸೋಕಿಯೂ ಸೋಕದ ಹಾಗೆ ತಾಗಿಸಿ "ನಡಿ" ಎನ್ನುವುದು. ‘ಚಲ್’ ಎಂದು ಹೇಳುವ ಹಾಗಿರಲಿಲ್ಲ, ಆ ಮಾತನ್ನು ಅದು ಕಂಡಕಂಡವರ ಬಾಯಲ್ಲಿ ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿತ್ತು. ನಡೆದರೆ ಕೂಡಲೇ ಕಾಲು ಸಡಿಲಿಸಿ ಕತ್ತು ತಟ್ಟುವುದು. ನಿಂತರೆ ಸುಮ್ಮನಿರುವುದು, ಎಷ್ಟು ಹೊತ್ತಾದರೂ ಸರಿ. ನನ್ನಂಥ ಮುಂಗೋಪಿಗೆ ಆ ಸುಮ್ಮನಿರುವುದೇ ಶಿಕ್ಷೆಯಾಗಿತ್ತು.

ಒಂದೊಂದು ವಾರಕ್ಕೆ ಉಸ್ತಾದ್‌ಜಿ ಒಂದೊಂದು ಗೇಣು ಹಿಂದೆ ಸರಿದರು. ಮೊದಲು ಕತ್ತಿನ ಪಕ್ಕ, ಆಮೇಲೆ ಭುಜದ ಪಕ್ಕ, ಆಮೇಲೆ ನನ್ನ ಕಾಲಿನ ಪಕ್ಕ. ಅವರು ತನ್ನ ಕಣ್ಣಿಗೆ ಕಾಣದಷ್ಟು ಹಿಂದೆ ಹೋದಾಗಲೆಲ್ಲ ಕುದುರೆ ನಿಂತು ಹುಡುಕುತ್ತಿತ್ತು. ಕೆಲಸ ಮುಗಿಸಿ ಬಂದು, ಕತ್ತಲಾಗುವುದರೊಳಗೆ ಒಂದು ಗಂಟೆ. ಬೆಳಿಗ್ಗೆ ಪಾಳಿಯಿಲ್ಲದ ದಿನ ಎರಡು ಗಂಟೆ. ಹೋಳಿಗೆ ಒಂದು ವಾರವಿರುವಾಗ ಉಸ್ತಾದ್‌ಜಿ ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಳದಲ್ಲಿ ನಾನು, ಕುದುರೆ, ಇಬ್ಬರೇ. ಹಿಮ್ಮಡಿ ತಾಗಿಸಿ "ನಡಿ" ಎಂದೆ. ಕಿವಿ ಹಿಂದೆ ಹೋಯಿತು, ಮುಂದೆ ಬಂತು. ಒಂದು ನೀಳ ಉಸಿರು ಬಿಟ್ಟು ಕುದುರೆ ಎದುರಿಗೆ ಯಾರೂ ಇಲ್ಲದ ಕಡೆಗೆ ಹೆಜ್ಜೆ ಇಟ್ಟಿತು. ಒಂದು, ಎರಡು, ಪೂರಾ ಒಂದು ಸುತ್ತು. ನನ್ನ ಕಣ್ಣು ತುಂಬಿತ್ತು, ಯಾಕೆ ಮುಚ್ಚಿಡಲಿ. ಉಸ್ತಾದ್‌ಜಿ ಕುರ್ಚಿಯಿಂದಲೇ ಸೆಲ್ಯೂಟ್ ಹೊಡೆದರು. ನನಗೋ ಕುದುರೆಗೋ ಗೊತ್ತಿಲ್ಲ.

ಹೋಳಿಯ ಮಾರನೆಯ ವಾರ ಅದು ಒಂಬತ್ತು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ನಡೆಯಿತು. ಭಟ್ಟಿಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಏಪ್ರಿಲಿನಲ್ಲಿ ಜಮೀನಿನವನು ಆ ಹೊಲವನ್ನೆಲ್ಲ ಬಿಲ್ಡರಿಗೆ ಕೊಟ್ಟ. ತಿಂಗಳೊಳಗೆ ಲಾಯ ಎತ್ತಬೇಕು. ದೊಡ್ಡ ಕುದುರೆಗಳು ಬೇರೆ ಶಾಲೆಗಳಿಗೆ ಹೋದವು. ನಮ್ಮ ಬಿಳಿಯದನ್ನು ನೋಡಿದವರೆಲ್ಲ ಗಿಡ್ಡ ಎಂದು ಬಿಟ್ಟುಹೋದರು. ಉಸ್ತಾದ್‌ಜಿ ಮಂಡಿ ತೋರಿಸಿಕೊಂಡು ಊರಿಗೆ, ಮಗನ ಮನೆಗೆ ಹೊರಟಿದ್ದರು. ನನ್ನದು ಎರಡನೇ ಮಹಡಿಯ ಬಾಡಿಗೆ ರೂಮು. ಉಳಿದ ಗಿರಾಕಿಗಳು ಇಬ್ಬರು. ಒಬ್ಬ ಭಟ್ಟಿಯವನು. ಇನ್ನೊಬ್ಬ ಅದೇ ಘೋಡಿವಾಲಾ. ಅದಲುಬದಲಿನಲ್ಲಿ ಒಯ್ದ ಹಳೆಯ ಕುದುರೆ ಹೊಟ್ಟೆನೋವಿನಿಂದ ಸತ್ತು, ಅವನಿಗೆ ಮತ್ತೆ ಬಿಳಿಯದು ಬೇಕಾಗಿತ್ತು.

ಉಸ್ತಾದ್‌ಜಿ ರೈಲು ಹತ್ತುವ ಮುಂಚೆ ನನ್ನ ಕೈ ಹಿಡಿದು ಹೇಳಿದರು: "ಘೋಡಿವಾಲಾಗೆ ಕೊಡು. ಆದ್ರೆ ಎಲ್ಲಾ ಹೇಳು ಬೇಟಾ. ಈಗ ಹಿಮ್ಮಡಿ ತಾಗಿದ್ರೆ ನಡೀತದೆ ಅಂತ ಹೇಳು. ಮರೀಬಾರ್ದು."

"ಹೇಳ್ತೀನಿ" ಎಂದೆ.

ಘೋಡಿವಾಲಾ ಮರುದಿನ ಬೆಳಿಗ್ಗೆ ಬಂದ. ನನ್ನ ವಯಸ್ಸಿನವನೇ, ಮೆತ್ತಗೆ ಮಾತಾಡುವವನು. ಕುದುರೆ ಅವನನ್ನು ಗುರುತು ಹಿಡಿದು ಮೆಲ್ಲಗೆ ಕೆನೆಯಿತು. ಅವನು ಅದರ ಹಣೆಗೆ ಹಣೆ ತಾಗಿಸಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೇಳಿದ: "ಬಾಬೂಜಿ, ಇದಕ್ಕೆ ಸವಾರಿ ಗಿವಾರಿ ಕಲಿಸಿಲ್ಲ ತಾನೆ? ಸವಾರಿ ಕಲಿತದ್ದು ನಮ್ಮ ಕೆಲಸಕ್ಕೆ ಬರಲ್ಲ."

ಭಟ್ಟಿಯವನ ಟೆಂಪೋ ಮಧ್ಯಾಹ್ನಕ್ಕೆ ಬರುವುದಿತ್ತು. ಅವನಿಗೂ ಹೇಳಿಟ್ಟಿದ್ದೆವು, ಇವನು ಬೇಡವೆಂದರೆ ಎಂದು.

"ಅಂಥದ್ದೇನೂ ಇಲ್ಲ" ಎಂದೆ. "ಮಕ್ಕಳು ಮೇಲೆ ಕೂರುತ್ತಿದ್ದರು, ಅಷ್ಟೆ. ಬಹಳ ಸಾಧು."

ಕಾರ್ಖಾನೆಯಲ್ಲಾಗಿದ್ದರೆ ಕೆಂಪು ಚೀಟಿ. ಇಲ್ಲಿ ನಾನೇ ಹಸಿರು ಅಂಟಿಸಿದೆ. ಅವನೇ ಮುಂದೆ ಹಗ್ಗ ಹಿಡಿದಿರುತ್ತಾನೆ, ಕುದುರೆಗೆ ಅವನ ಕೈ ಹಳೆಯ ಕೈ, ನೆನಪಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ತಿಂಗಳು ಕಳೆದು, ಕುದುರೆ ಅವನ ಹತ್ತಿರ ಒಗ್ಗಿಕೊಂಡ ಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದೂ ಲೆಕ್ಕ ಹಾಕಿದ್ದೆ. ಉಸ್ತಾದ್‌ಜಿ ಹೆಣೆದಿದ್ದ ಹತ್ತಿಯ ಮೂಗುಹಗ್ಗವನ್ನು ಅವನ ಕೈಗೆ ಕೊಟ್ಟೆ. ನನ್ನ ವಿಳಾಸವನ್ನೂ ಬರೆದುಕೊಟ್ಟೆ. ಕುದುರೆ ಅವನ ಹಿಂದೆ ಹೋಯಿತು, ತಿರುಗಿ ನೋಡಲಿಲ್ಲ. ಅದು ಕಲಿತದ್ದೇ ಹಾಗೆ, ಹಗ್ಗ ಹಿಡಿದವನ ಹಿಂದೆ.

ಆ ರಾತ್ರಿ ಊರಿನಿಂದ ಉಸ್ತಾದ್‌ಜಿ ಫೋನ್ ಮಾಡಿದರು. "ಎಲ್ಲಾ ಹೇಳ್ದಾ?"

"ಹೇಳಿದೆ ಉಸ್ತಾದ್‌ಜಿ."

ಜೂನಿನಲ್ಲಿ ಒಮ್ಮೆ ಘೋಡಿವಾಲಾಗೆ ಫೋನ್ ಮಾಡಿದೆ. ಬೇಸಿಗೆಯ ಮದುವೆಗಳೆಲ್ಲ ಸುಸೂತ್ರ, ಬಹಳ ಒಳ್ಳೆಯ ಕುದುರೆ ಎಂದ. ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. ಎಲ್ಲ ಚೆನ್ನಾಗಿರುವಾಗ ಯಾಕೆ ಕೆದಕಬೇಕು? ಮಳೆಗಾಲದಲ್ಲಿ ಮದುವೆಗಳಿರಲಿಲ್ಲ, ನನಗೂ ನೆನಪಾಗಲಿಲ್ಲ. ನೆನಪಾಗಲಿಲ್ಲ ಎನ್ನುವುದೂ ಸುಳ್ಳು. ಒಂದೊಂದು ಭಾನುವಾರ ಹೊರಟು, ಬಸ್‌ಸ್ಟಾಪಿನವರೆಗೆ ಹೋಗಿ, ತರಕಾರಿ ತೆಗೆದುಕೊಂಡು ವಾಪಸಾಗುತ್ತಿದ್ದೆ.

ನವೆಂಬರಿನ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಘೋಡಿವಾಲಾ ನಿಂತಿದ್ದ. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕೂರು ಎಂದರೂ ಕೂರಲಿಲ್ಲ.

ಅವನು ಹೇಳಿದ್ದು ಇಷ್ಟು. ಮೂರು ದಿನದ ಹಿಂದಿನ ಮೆರವಣಿಗೆ. ವರ ಸ್ವಲ್ಪ ಕುಡಿದಿದ್ದ, ಗೆಳೆಯರು ಕೆಳಗೆ ಕುಣಿಯುತ್ತಿದ್ದರೆ ಅವನು ಮೇಲೆ ಕೂತೇ ಕುಣಿಯುತ್ತಿದ್ದ, ಎರಡೂ ಹಿಮ್ಮಡಿಗಳಿಂದ ತಾಳ ಹಾಕುತ್ತಿದ್ದ. ಕುದುರೆ ಹೊರಟಿತು. ಇವನು ಹಗ್ಗ ಜಗ್ಗಿದ, ಅಂಗೈ ಸುಲಿಯುವವರೆಗೆ ಜಗ್ಗಿದ. ಅದು ಬೆದರಿ ಓಡಲಿಲ್ಲವಂತೆ, ಅದೇ ಅವನಿಗೆ ಅರ್ಥವಾಗದೆ ಇದ್ದದ್ದು. ತಲೆ ಎತ್ತಿ ಶಾಂತವಾಗಿ ನಡೆಯಿತಂತೆ. ಕುಣಿಯುವವರು ಚೀರಿ ಚದುರಿದರು. ಅವರನ್ನು ತುಳಿಯಬಾರದೆಂದು ಅದೇ ಪಕ್ಕಕ್ಕೆ ಸರಿಯಿತು. ಅಲ್ಲಿ ಚರಂಡಿಯ ಮೇಲಿನ ಚಪ್ಪಡಿ ಇರಲಿಲ್ಲ. ಮುಂಗಾಲು ಒಳಗೆ ಹೋಗಿ ಮುರಿಯಿತು. ವರನಿಗೆ ಏನೂ ಆಗಲಿಲ್ಲ. ಡಾಕ್ಟರ್ ಬಂದು, ಕಾಲು ಮುರಿದ ಕುದುರೆ ಉಳಿಯದೆಂದು ರಸ್ತೆಯ ಮೇಲೆಯೇ ಇಂಜೆಕ್ಷನ್ ಕೊಟ್ಟರು. ಹಣೆಯ ಜರಿಪಟ್ಟಿ ಬಿಚ್ಚುವ ಹೊತ್ತಿಗೆ ಜೀವ ಹೋಗಿತ್ತು.

"ನಿಮಗೆ ಅದರ ಮೇಲೆ ಬಹಳ ಪ್ರೀತಿ ಇತ್ತಲ್ಲ ಬಾಬೂಜಿ. ಬೇರೆಯವರಿಂದ ತಿಳಿಯಬಾರದು ಅಂತ ನಾನೇ ಬಂದೆ" ಎಂದ. ಚೀಲದಿಂದ ಉಸ್ತಾದ್‌ಜಿಯ ಹತ್ತಿಯ ಮೂಗುಹಗ್ಗ ತೆಗೆದು ಕೊಟ್ಟ. ಒಗೆದು ತಂದಿದ್ದ, ಇನ್ನೂ ಸ್ವಲ್ಪ ಒದ್ದೆಯಿತ್ತು.

ನಾನು ಹಗ್ಗ ತೆಗೆದುಕೊಂಡೆ. ಅವನು ಹೊರಡಲು ತಿರುಗಿದವನು ಮತ್ತೆ ನಿಂತ.

"ಒಂದು ಮಾತು ಕೇಳಲಾ? ಹಿಮ್ಮಡಿ ತಾಗಿದ್ದಕ್ಕೆ ಅದು ಹೊರಟುಬಿಡ್ತು. ನಮ್ಮ ಅಪ್ಪನ ಕಾಲದಿಂದ ಕುದುರೆ ಸಾಕಿದ್ದೇವೆ, ಇಂಥದ್ದು ನೋಡಿಲ್ಲ. ನಿಮ್ಮ ಹತ್ತಿರ ಇದ್ದಾಗ ಯಾವತ್ತಾದರೂ ಹೀಗೆ ಮಾಡಿತ್ತಾ?"

"ಇಲ್ಲ" ಎಂದೆ.

"ಹಾಗಾದರೆ ನನ್ನ ಕೈಯದೇ ತಪ್ಪು" ಎಂದು ಅವನು ಬ್ಯಾಂಡೇಜು ಕಟ್ಟಿದ ಬಲಗೈಯನ್ನು ಎತ್ತಿ, ತಿರುಗಿಸಿ ನೋಡಿಕೊಂಡ. ನಾನು ಚಹಾ ಮಾಡುತ್ತೇನೆಂದು ಒಳಗೆ ಹೋದೆ.